ಒಸಡಿನ ರೋಗದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಯೇ? ಫಾರ್ವರ್ಡ್‌ನಲ್ಲಿ ನಿಜವೆಷ್ಟು, ಬಿಟ್ಟುಹೋದದ್ದೆಷ್ಟು?

ಹಲ್ಲು ಸರಿಯಾಗಿ ಉಜ್ಜದವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ, ಇದನ್ನು ವಿದೇಶದ ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ, ದಿನಾ ಬೆಳಿಗ್ಗೆ ಎಣ್ಣೆ ಮುಕ್ಕಳಿಸಿದರೆ ಬಾಯಿಯ ಜೊತೆಗೆ ಶ್ವಾಸಕೋಶವೂ ಶುದ್ಧವಾಗುತ್ತದೆ, ಹತ್ತು ಜನರಿಗೆ ಕಳಿಸಿ. ಈ ಧಾಟಿಯ ಸಂದೇಶ ನಿಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಬಂದಿಲ್ಲದಿದ್ದರೆ ಇಂದಲ್ಲ ನಾಳೆ ಬರಬಹುದು.

ಇಂಥ ಸಂದೇಶ ಪೂರ್ತಿ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಿತ್ತು. ಆದರೆ ಇದರಲ್ಲಿ ನಿಜದ ಒಂದು ಎಳೆ ಇದೆ. ಬಾಯಿಯ ಆರೋಗ್ಯಕ್ಕೂ ಶ್ವಾಸಕೋಶದ ಕ್ಯಾನ್ಸರ್‌ಗೂ ಸಂಬಂಧ ಇದೆಯೇ ಎಂದು ಸಂಶೋಧಕರು ಹಲವು ವರ್ಷಗಳಿಂದ ಹುಡುಕುತ್ತಿದ್ದಾರೆ, ಒಂದಿಷ್ಟು ಸಂಬಂಧ ಕಂಡಿದ್ದಾರೆ ಕೂಡ. ತೊಂದರೆ ಇರುವುದು ಆ ಎಳೆಯನ್ನು ಹಿಡಿದು ಹೆಣೆದ ಉಳಿದ ಮಾತಿನಲ್ಲಿ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕುಗಳಲ್ಲಿ ಆ ಉಳಿದ ಮಾತು ಹಾನಿಯನ್ನೂ ಮಾಡಬಹುದು. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು, ಸಂಶೋಧನೆ ಹೇಳಿದ್ದೇನು?

ಒಸಡಿನ ರೋಗ ಎಂದರೆ ಬರೀ ರಕ್ತ ಬರುವುದಲ್ಲ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ, ಒಸಡು ಬಾತು, ಹಲ್ಲಿನಿಂದ ಬಿಡಿಸಿಕೊಂಡು, ಒಳಗಿನ ಮೂಳೆ ಸವೆದು, ಕೊನೆಗೆ ಹಲ್ಲು ಅಲುಗಾಡುವ ದೀರ್ಘಕಾಲದ ಕಾಯಿಲೆ ಅದು. ವೈದ್ಯರು ಇದನ್ನು ಪೆರಿಯೊಡಾಂಟೈಟಿಸ್ ಎನ್ನುತ್ತಾರೆ.

2016ರಲ್ಲಿ ಸಂಶೋಧಕರು ಐದು ದೊಡ್ಡ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಅವುಗಳಲ್ಲಿ ಒಟ್ಟು 3,21,420 ಜನರಿದ್ದರು. ಒಸಡಿನ ರೋಗ ಇದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಶೇ 24ರಷ್ಟು ಹೆಚ್ಚು ಕಂಡಿತು. 2018ರಲ್ಲಿ ಅಮೆರಿಕದ 7,466 ಜನರ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿ ಒಸಡಿನ ರೋಗ ತೀವ್ರವಾಗಿದ್ದವರಲ್ಲಿ ಈ ಅಪಾಯ ಎರಡು ಪಟ್ಟಿಗಿಂತ ಹೆಚ್ಚಿತ್ತು.

ಫಾರ್ವರ್ಡ್ ಮಾಡುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಓದುವವರಿಗೆ ‘ಶೇ 24’ ಎಂದಾಗ ನೂರಕ್ಕೆ 24 ಜನರಿಗೆ ಕ್ಯಾನ್ಸರ್ ಬರುತ್ತದೆ ಎಂದು ಅನಿಸಿಬಿಡುತ್ತದೆ. ಹಾಗಲ್ಲ. ತಿಳಿಯಲು ಒಂದು ಉದಾಹರಣೆ ತೆಗೆದುಕೊಳ್ಳಿ: ಒಸಡು ಚೆನ್ನಾಗಿರುವ ಸಾವಿರ ಜನರಲ್ಲಿ 10 ಜನರಿಗೆ ಒಂದು ರೋಗ ಬರುತ್ತದೆ ಎಂದಿಟ್ಟುಕೊಳ್ಳೋಣ. ಶೇ 24 ಹೆಚ್ಚು ಎಂದರೆ, ಒಸಡು ಕೆಟ್ಟ ಸಾವಿರ ಜನರಲ್ಲಿ ಅದು 12 ಜನರಿಗೆ ಬರುತ್ತದೆ. ಎರಡು ಜನ ಹೆಚ್ಚು. ಅದೂ ಸಣ್ಣ ಮಾತಲ್ಲ, ಆದರೆ ಹೆದರಿಸುವ ಸಂದೇಶ ಹುಟ್ಟಿಸುವ ಚಿತ್ರ ಬೇರೆ.

ಇದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇಟ್ಟು ನೋಡಿ. ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ ಸೇದದವರಿಗಿಂತ 15ರಿಂದ 30 ಪಟ್ಟು ಹೆಚ್ಚು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಒಂದು ಕಡೆ ಒಂದೂಕಾಲು ಪಟ್ಟು, ಇನ್ನೊಂದು ಕಡೆ ಹದಿನೈದು, ಮೂವತ್ತು ಪಟ್ಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಕಬ್ಬಿನ ಹಾಲು ಕುಡಿದರೆ ಕರೆಂಟು ಹೋಗುತ್ತದೆಯೇ?

ಕಲಬುರಗಿಯ ಬಿಸಿಲು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಸ್ ನಿಲ್ದಾಣದ ಮುಂದೆ ಕಬ್ಬಿನ ಹಾಲಿನ ವ್ಯಾಪಾರ ಜೋರು. ಅದೇ ತಿಂಗಳುಗಳಲ್ಲಿ ಕರೆಂಟು ಹೋಗುವುದೂ ಜಾಸ್ತಿ. ಹಾಗೆಂದು ಕಬ್ಬಿನ ಹಾಲು ಕುಡಿದಿದ್ದಕ್ಕೆ ಕರೆಂಟು ಹೋಯಿತು ಎಂದು ಯಾರೂ ಹೇಳುವುದಿಲ್ಲ. ಎರಡಕ್ಕೂ ಕಾರಣ ಬಿಸಿಲು.

ಒಸಡು ಮತ್ತು ಶ್ವಾಸಕೋಶದ ನಡುವೆಯೂ ಅಂಥ ಒಂದು ‘ಬಿಸಿಲು’ ಇದೆ. ಅದರ ಹೆಸರು ತಂಬಾಕು. ಬೀಡಿ, ಸಿಗರೇಟು ಸೇದುವುದು ಒಸಡನ್ನೂ ಕೆಡಿಸುತ್ತದೆ, ಶ್ವಾಸಕೋಶವನ್ನೂ ಕೆಡಿಸುತ್ತದೆ. ಹಾಗಾಗಿ ಒಸಡಿನ ರೋಗ ಇದ್ದವರನ್ನು ಲೆಕ್ಕ ಹಾಕುತ್ತಾ ಹೋದರೆ, ಗೊತ್ತಿಲ್ಲದೆ ಬೀಡಿ ಸೇದುವವರನ್ನೇ ಹೆಚ್ಚು ಲೆಕ್ಕ ಹಾಕಿದಂತಾಗುತ್ತದೆ.

ಸಂಶೋಧಕರಿಗೆ ಇದು ಗೊತ್ತು. ಅವರು ಲೆಕ್ಕದಲ್ಲಿ ಧೂಮಪಾನದ ಪ್ರಭಾವವನ್ನು ಕಳೆಯಲು ಪ್ರಯತ್ನಿಸುತ್ತಾರೆ. ಆದರೆ ಯಾರು ಎಷ್ಟು ವರ್ಷ, ದಿನಕ್ಕೆ ಎಷ್ಟು, ಎಷ್ಟು ಆಳವಾಗಿ ಸೇದಿದರು ಎಂಬುದನ್ನು ಪೂರ್ತಿ ಕಳೆಯುವುದು ಕಷ್ಟ. ಅದಕ್ಕೆ ಇರುವ ಒಂದು ದಾರಿ, ಬದುಕಿನಲ್ಲಿ ಎಂದೂ ಸೇದದವರನ್ನು ಮಾತ್ರ ನೋಡುವುದು. 2008ರಲ್ಲಿ ಪ್ರಕಟವಾದ, ಅಮೆರಿಕದ ಆರೋಗ್ಯ ವೃತ್ತಿಯ 48,375 ಗಂಡಸರ ಅಧ್ಯಯನದಲ್ಲಿ ಹಾಗೆ ನೋಡಿದರು. ಎಲ್ಲರನ್ನೂ ಸೇರಿಸಿದಾಗ ಒಸಡಿನ ರೋಗ ಇದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಶೇ 36 ಹೆಚ್ಚಿತ್ತು. ಎಂದೂ ಸೇದದವರನ್ನು ಮಾತ್ರ ನೋಡಿದಾಗ ಆ ಸಂಬಂಧ ಕಾಣಲಿಲ್ಲ.

ಹಾಗಾದರೆ ಕಥೆ ಮುಗಿಯಿತೇ? ಇಲ್ಲ. 2021ರಲ್ಲಿ ಪ್ರಕಟವಾದ ಶಾಂಘೈನ ಅಧ್ಯಯನವೊಂದು ಎಂದೂ ಸೇದದ, ಮುಂದೆ ಶ್ವಾಸಕೋಶದ ಕ್ಯಾನ್ಸರ್ ಬಂದ 114 ಜನರನ್ನೂ, ಅವರಿಗೆ ಹೋಲುವ, ಕ್ಯಾನ್ಸರ್ ಬಾರದ 114 ಜನರನ್ನೂ ಹೋಲಿಸಿತು. ಅವರು ಹಿಂದೆ ಬಾಯಿ ಮುಕ್ಕಳಿಸಿ ಕೊಟ್ಟಿದ್ದ ನೀರಿನಲ್ಲಿದ್ದ ಸೂಕ್ಷ್ಮಜೀವಿಗಳನ್ನು ನೋಡಿದಾಗ, ಬಾಯಿಯಲ್ಲಿ ಜೀವಿಗಳ ವೈವಿಧ್ಯ ಕಡಿಮೆ ಇದ್ದವರಲ್ಲಿ ಅಪಾಯ ಹೆಚ್ಚು ಕಂಡಿತು. ಅಂದರೆ ತಂಬಾಕನ್ನು ಪಕ್ಕಕ್ಕಿಟ್ಟರೂ ಬಾಯಿಗೂ ಶ್ವಾಸಕೋಶಕ್ಕೂ ಏನೋ ನಂಟು ಇರಬಹುದು. ಅದು ಕಾರಣವೋ, ಬೇರೆ ಯಾವುದೋ ಕಾರಣದ ಗುರುತೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಒಸಡಿಗೆ ಚಿಕಿತ್ಸೆ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂದು ಯಾವ ಪ್ರಯೋಗವೂ ಸಾಬೀತು ಮಾಡಿಲ್ಲ. ಎಣ್ಣೆ ಮುಕ್ಕಳಿಸಿದರೆ ಶ್ವಾಸಕೋಶ ಶುದ್ಧವಾಗುತ್ತದೆ ಎಂಬುದಕ್ಕಂತೂ ಆಧಾರವೇ ಇಲ್ಲ. ಬಾಯಿಯಲ್ಲಿರುವ ಎಣ್ಣೆ ಶ್ವಾಸಕೋಶವನ್ನು ತೊಳೆಯುವುದಿಲ್ಲ. ಅಕಸ್ಮಾತ್ ಶ್ವಾಸನಾಳಕ್ಕೆ ಇಳಿದರೆ ಒಳ್ಳೆಯದಾಗುವುದಿಲ್ಲ, ಕೆಟ್ಟದ್ದೇ ಆಗುತ್ತದೆ.

ಬಾಯಿಯ ಕ್ರಿಮಿ ಶ್ವಾಸಕೋಶಕ್ಕೆ ಹೋಗುವುದು ನಿಜವೇ?

ನಿಜ. ನಾವು ನಿದ್ದೆ ಮಾಡುವಾಗ ಗಂಟಲಿನ ಜೊಲ್ಲು ಸ್ವಲ್ಪ ಸ್ವಲ್ಪ ಶ್ವಾಸನಾಳಕ್ಕೆ ಇಳಿಯುತ್ತದೆ. ಆರೋಗ್ಯವಂತರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಹೀಗಾಗುತ್ತದೆ ಎಂದು 1978ರ ಒಂದು ಅಧ್ಯಯನ ತೋರಿಸಿತ್ತು. ಆರೋಗ್ಯವಾಗಿರುವ ಶ್ವಾಸಕೋಶ ಅದನ್ನು ತಾನೇ ಹೊರಹಾಕುತ್ತದೆ. ವಯಸ್ಸಾದವರು, ಲಕ್ವ ಹೊಡೆದವರು, ಹಾಸಿಗೆ ಹಿಡಿದವರಿಗೆ ಆ ಶಕ್ತಿ ಕಡಿಮೆ.

ಇಲ್ಲಿ ಗಟ್ಟಿಯಾದ ಪುರಾವೆ ಇದೆ, ಆದರೆ ಕ್ಯಾನ್ಸರ್‌ಗಲ್ಲ, ನ್ಯುಮೋನಿಯಾಕ್ಕೆ. ಜಪಾನಿನ ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದ ಪ್ರಯೋಗವೊಂದರಲ್ಲಿ ಒಂದು ಗುಂಪಿನವರಿಗೆ ಪ್ರತಿ ಊಟದ ನಂತರ ಬಾಯಿ ಶುಚಿ ಮಾಡಿಸಿದರು, ಇನ್ನೊಂದು ಗುಂಪಿಗೆ ವಿಶೇಷವಾಗಿ ಏನೂ ಮಾಡಲಿಲ್ಲ. ಶುಚಿ ಮಾಡಿಸದ ಗುಂಪಿನಲ್ಲಿ ನೂರಕ್ಕೆ 19 ಜನರಿಗೆ ನ್ಯುಮೋನಿಯಾ ಬಂತು. ಮಾಡಿಸಿದ ಗುಂಪಿನಲ್ಲಿ 11 ಜನರಿಗೆ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ, ಅಜ್ಜಿ ಇದ್ದರೆ ಫಾರ್ವರ್ಡ್‌ನಲ್ಲಿ ಇರಬೇಕಿದ್ದ ಮಾತು ಇದು: ದಿನಾ ಅವರ ಬಾಯಿ, ನಾಲಿಗೆ, ಹಲ್ಲಿನ ಸೆಟ್ಟು ಶುಚಿ ಮಾಡಿ. ಅದರಿಂದ ಜೀವ ಉಳಿಯಬಹುದು.

ಸಕ್ಕರೆ ಕಾಯಿಲೆಗೂ ಒಸಡಿಗೂ ಹತ್ತಿರದ ಸಂಬಂಧ ಇದೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಒಸಡು ಬೇಗ ಕೆಡುತ್ತದೆ, ಒಸಡು ಕೆಟ್ಟಿದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಒಸಡಿಗೆ ಚಿಕಿತ್ಸೆ ಕೊಟ್ಟಾಗ ಸಕ್ಕರೆ ಮಟ್ಟ ಸ್ವಲ್ಪ ಇಳಿಯುವುದನ್ನು ಪ್ರಯೋಗಗಳು ತೋರಿಸಿವೆ. ಹಲ್ಲು, ಒಸಡು ನೋಡಿಕೊಳ್ಳಲು ಇಷ್ಟು ಕಾರಣ ಸಾಕು. ಅದಕ್ಕೆ ಶ್ವಾಸಕೋಶದ ಕ್ಯಾನ್ಸರ್‌ನ ಹೆದರಿಕೆ ಬೇಕಿಲ್ಲ.

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಇದೇಕೆ ಮುಖ್ಯ?

ಆಳಂದ ಮತ್ತು ಅಫಜಲಪುರ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಗೆ ತಾಗಿಕೊಂಡಿವೆ. ಭೀಮಾ ನದಿ ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಹರಿಯುತ್ತದೆ. ಮಾತು, ಮದುವೆ, ಸಂತೆ, ದುಡಿಮೆ ಎಲ್ಲಕ್ಕೂ ಗಡಿ ದಾಟಿ ಓಡಾಟ ಇದೆ. ಅದರ ಜೊತೆಗೆ ಒಂದು ಚಟವೂ ಗಡಿ ದಾಟಿದೆ: ಮಿಶ್ರಿ. ಇದು ಕಲ್ಲುಸಕ್ಕರೆಯಲ್ಲ. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ ಉಜ್ಜುವ ಪುಡಿ. ಕೆಲವರು ಮಶೇರಿ ಎನ್ನುತ್ತಾರೆ. ತಂಬಾಕು ಅಗಿಯಲು ಸಂಕೋಚ ಪಡುವ ಹೆಣ್ಣುಮಕ್ಕಳೂ ಮಿಶ್ರಿ ಉಜ್ಜುತ್ತಾರೆ, ಏಕೆಂದರೆ ಅದನ್ನು ಯಾರೂ ಚಟ ಎನ್ನುವುದಿಲ್ಲ, ಹಲ್ಲುಪುಡಿ ಎನ್ನುತ್ತಾರೆ. ‘ಹಲ್ಲ ನೋವಿಗಿ ತಂಬಾಕ ಇಟ್ರ ಕಡಿಮಿ ಆಗ್ತದ’ ಎಂಬ ಮಾತು ಈ ಸೀಮೆಯಲ್ಲಿ ಹೊಸದಲ್ಲ.

ಈಗ ಆ ಫಾರ್ವರ್ಡನ್ನು ಮಿಶ್ರಿ ಉಜ್ಜುವ ಮನೆಯಲ್ಲಿ ಇಟ್ಟು ಓದಿ. ‘ಹಲ್ಲು ಉಜ್ಜಿದರೆ ಕ್ಯಾನ್ಸರ್ ಬರುವುದಿಲ್ಲ.’ ಉಜ್ಜುವ ಪುಡಿಯೇ ತಂಬಾಕು! ದಿನಕ್ಕೆ ಒಂದು ಸಲ ಉಜ್ಜುತ್ತಿದ್ದವರು ಎರಡು ಸಲ ಉಜ್ಜಿದರೆ, ಒಳ್ಳೆಯದೆಂದುಕೊಂಡು ಮಾಡಿದ್ದು ವಿಷವಾಗುತ್ತದೆ. ಬೀಡಿ ಸೇದುವವರೂ ಹಾಗೆಯೇ. ಬೆಳಿಗ್ಗೆ ಎಣ್ಣೆ ಮುಕ್ಕಳಿಸಿ, ‘ಶ್ವಾಸಕೋಶ ಶುದ್ಧವಾಯಿತು’ ಎಂದು ಸಮಾಧಾನದಿಂದ ಕಟ್ಟೆಗೆ ಬಂದು ಬೀಡಿ ಹಚ್ಚಿದರೆ ಆ ಸಂದೇಶದಿಂದ ಆದ ಲಾಭ ಏನು?

ಮಿಶ್ರಿಯಿಂದ ನೋವು ಕಡಿಮೆಯಾದಂತೆ ಅನಿಸುವುದು ನಿಜ. ನಿಕೋಟಿನ್ ಸ್ವಲ್ಪ ಹೊತ್ತು ಜೋಮು ಹಿಡಿಸಿದಂತೆ ಮಾಡುತ್ತದೆ, ಜೊತೆಗೆ ಚಟದ ಬೇಗುದಿಯೂ ಇಳಿಯುತ್ತದೆ. ಒಳಗಿನ ರೋಗ ಹಾಗೇ ಬೆಳೆಯುತ್ತದೆ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ: ಬೀಡಿ, ಸಿಗರೇಟು ಸೇದುವವರ ಒಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ, ಏಕೆಂದರೆ ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಹಾಗಾಗಿ ‘ನನ್ನ ಒಸಡಿನಲ್ಲಿ ರಕ್ತ ಬರುವುದಿಲ್ಲ, ನಾನು ಆರಾಮ’ ಎಂಬ ಧೈರ್ಯ ಸೇದುವವರಿಗೆ ಸಲ್ಲದು.

ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಹಾಕುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಆದರೆ ಮನೆಯ ಹಂಚಿನ ಮೇಲೆ ಹುರಿಯುವ ತಂಬಾಕಿಗೆ, ಪಾನ್ ಮಸಾಲಾ ಒಂದು ಚೀಟಿ ಮತ್ತು ತಂಬಾಕು ಇನ್ನೊಂದು ಚೀಟಿ ಕೊಂಡು ಅಂಗೈಯಲ್ಲಿ ಬೆರೆಸುವುದಕ್ಕೆ ಆ ನಿಷೇಧಗಳು ಮುಟ್ಟಿಲ್ಲ.

ಹತ್ತಿರದ ಅಪಾಯ ಯಾವುದು?

2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 8.8 ಜನ ಸೇದುತ್ತಾರೆ. ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3. ಅಂದರೆ ಸೇದುವವರಿಗಿಂತ ಅಗಿಯುವವರು, ಉಜ್ಜುವವರು, ದವಡೆಯಲ್ಲಿ ಇಟ್ಟುಕೊಳ್ಳುವವರು ಸುಮಾರು ಎರಡು ಪಟ್ಟು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಯಿಲ್ಲದ ತಂಬಾಕನ್ನು ಬಾಯಿ, ಅನ್ನನಾಳ ಮತ್ತು ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಖಚಿತ ಕಾರಣ ಎಂದು ಹೇಳಿದೆ. ತಂಬಾಕು ಇಲ್ಲದ ಬರೀ ಅಡಿಕೆಯೂ ಆ ಸಂಸ್ಥೆಯ ಖಚಿತ ಕಾರಣಗಳ ಪಟ್ಟಿಯಲ್ಲಿದೆ. 2022ರ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷದಲ್ಲಿ ಹೊಸದಾಗಿ ಪತ್ತೆಯಾದ ತುಟಿ ಮತ್ತು ಬಾಯಿ ಕ್ಯಾನ್ಸರ್ ಸುಮಾರು 1.44 ಲಕ್ಷ, ಶ್ವಾಸಕೋಶದ ಕ್ಯಾನ್ಸರ್ ಸುಮಾರು 82 ಸಾವಿರ.

ಕೆಟ್ಟ ಬಾಯಿಯಿಂದ ಶ್ವಾಸಕೋಶದ ಕ್ಯಾನ್ಸರ್ ಬರಬಹುದೇ ಎಂದು ಹೆದರುವಾಗ, ಅದೇ ಬಾಯಿಯಲ್ಲೇ ಬರಬಹುದಾದ ಕ್ಯಾನ್ಸರನ್ನು ನಾವು ಮರೆಯುತ್ತೇವೆ. ಬಾಯಿಯ ಕ್ಯಾನ್ಸರ್ ಕನ್ನಡಿಯಲ್ಲಿ ಕಾಣುತ್ತದೆ, ಆರಂಭದಲ್ಲೇ ಸಿಕ್ಕರೆ ಗುಣಪಡಿಸಬಹುದು. ಶ್ವಾಸಕೋಶದ್ದು ಕಣ್ಣಿಗೆ ಕಾಣುವುದಿಲ್ಲ, ಬಹಳ ಸಲ ತಡವಾಗಿ ಗೊತ್ತಾಗುತ್ತದೆ.

ಸೇದದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬುದನ್ನೂ ಹೇಳಬೇಕು. ಮನೆಯಲ್ಲಿ ಇನ್ನೊಬ್ಬರು ಬಿಡುವ ಹೊಗೆ, ಕಟ್ಟಿಗೆ, ಕುಳ್ಳಿನ ಒಲೆಯ ಹೊಗೆ, ಹೊರಗಿನ ಮಲಿನ ಗಾಳಿ ಅಪಾಯ ತರುತ್ತವೆ. ದುಡಿಯಲು ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರು ಉಸಿರಾಡುವ ಕಲ್ಲು, ಸಿಮೆಂಟು, ಮರಳಿನ ಸಣ್ಣ ದೂಳೂ ಹಾಗೆಯೇ. ಇವು ಯಾವುವೂ ಹಲ್ಲು ಉಜ್ಜಿದರೆ ಹೋಗುವುದಿಲ್ಲ.

ಯಾವಾಗ ದವಾಖಾನೆಗೆ ಹೋಗಬೇಕು?

ಬಾಯಿಗೆ: ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕುತ್ತಿಗೆಯಲ್ಲಿ ಗಂಟು. ಮೂರು ಬೆರಳು ನಿಲ್ಲಿಸಿ ಬಾಯಿಯೊಳಗೆ ಇಡಲು ಆಗದಷ್ಟು ಬಾಯಿ ಬಿಗಿದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ ಅದೂ ಎಚ್ಚರಿಕೆಯ ಗುರುತು. 30 ವರ್ಷ ದಾಟಿದವರಿಗೆ ಬಾಯಿ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಶ್ವಾಸಕೋಶದ ಕ್ಯಾನ್ಸರ್‌ಗೆ ಅಂಥ ಸಾಮೂಹಿಕ ತಪಾಸಣೆ ಆ ಕಾರ್ಯಕ್ರಮದಲ್ಲಿ ಇಲ್ಲ. ಆದ್ದರಿಂದ ಲಕ್ಷಣಗಳ ಮೇಲೆ ಕಣ್ಣಿಡಬೇಕಾದವರು ನಾವೇ.

ಶ್ವಾಸಕೋಶಕ್ಕೆ: ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು, ದನಿ ಒಡೆಯುವುದು, ಎದೆ ನೋವು, ದಮ್ಮು. ಕಫದಲ್ಲಿ ರಕ್ತ ಕಂಡಾಗ ‘ಒಸಡಿನದೇ ಇರಬೇಕು’ ಎಂದು ತಳ್ಳಿಹಾಕಬೇಡಿ. ಇಂಥ ಕೆಮ್ಮಿಗೆ ಮೊದಲು ಟಿಬಿ ಪರೀಕ್ಷೆ ಆಗಬೇಕು, ಅದು ಸರ್ಕಾರಿ ದವಾಖಾನೆಯಲ್ಲಿ ಉಚಿತ. ಆದರೆ ಕಫದಲ್ಲಿ ಟಿಬಿ ಕಾಣದಿದ್ದರೆ, ಅಥವಾ ಟಿಬಿ ಗುಳಿಗೆ ತೆಗೆದುಕೊಂಡರೂ ಗುಣ ಕಾಣದಿದ್ದರೆ, ‘ಬೇರೆ ಏನಾದರೂ ಇರಬಹುದೇ?’ ಎಂದು ವೈದ್ಯರನ್ನು ಕೇಳಿ. ಶ್ವಾಸಕೋಶದ ಕ್ಯಾನ್ಸರನ್ನು ಟಿಬಿ ಎಂದು ತಿಳಿದು ತಿಂಗಳುಗಟ್ಟಲೆ ಕಳೆಯುವುದು ನಮ್ಮ ದೇಶದಲ್ಲಿ ಅಪರೂಪವಲ್ಲ.

ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಹೆಚ್ಚಿನ ತಪಾಸಣೆಗೆ ಕಲಬುರಗಿಯಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ, ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವೂ ಇದೆ. ಬೆಂಗಳೂರಿಗೇ ಹೋಗಬೇಕು ಎಂದು ಹೆದರಿ ಕೂರಬೇಕಿಲ್ಲ.

ಹಲ್ಲಿಗೆ ಏನು ಮಾಡಬೇಕು?

ದಿನಕ್ಕೆ ಎರಡು ಸಲ, ರಾತ್ರಿ ಮಲಗುವ ಮುನ್ನ ತಪ್ಪದೆ, ಮೃದುವಾದ ಬ್ರಷ್ ಮತ್ತು ಫ್ಲೋರೈಡ್ ಪೇಸ್ಟಿನಿಂದ ಉಜ್ಜಿ. ಬೇವಿನ ಕಡ್ಡಿ ಬಳಸುವವರು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಂಡು, ಒಸಡಿಗೆ ಗಾಯವಾಗದಂತೆ ಉಜ್ಜಿ. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆ. ನೋವಿಗೆ ಲವಂಗ ಇಟ್ಟರೆ ಸ್ವಲ್ಪ ಹೊತ್ತು ಆರಾಮ ಸಿಗಬಹುದು, ಹುಳುಕು ಹೋಗುವುದಿಲ್ಲ. ಎಣ್ಣೆ ಮುಕ್ಕಳಿಸುವ ರೂಢಿ ಇದ್ದವರು ಮುಂದುವರಿಸಬಹುದು, ಆದರೆ ಅದು ಬ್ರಷ್‌ಗೆ ಬದಲಿಯಲ್ಲ, ಯಾವ ಕ್ಯಾನ್ಸರ್‌ಗೂ ಔಷಧಿಯಲ್ಲ.

ಮಿಶ್ರಿ, ತಂಬಾಕು, ಗುಟ್ಕಾ, ಬೀಡಿ ಬಿಡಲು ಸಹಾಯ ಬೇಕಿದ್ದರೆ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ, ಹಣ ಖರ್ಚಾಗುವುದಿಲ್ಲ. ಇಷ್ಟು ವರ್ಷ ಸೇದಿದ್ದಾಗಿದೆ, ಈಗ ಬಿಟ್ಟೇನು ಲಾಭ ಎನ್ನುವವರಿಗೆ ಒಂದು ಮಾತು: ಬಿಟ್ಟು ಹತ್ತು ವರ್ಷವಾದವರಿಗೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಕೊನೆಗೆ, ಫಾರ್ವರ್ಡ್ ಮಾಡಬಹುದೇ?

ಒಸಡಿನ ರೋಗಕ್ಕೂ ಶ್ವಾಸಕೋಶದ ಕ್ಯಾನ್ಸರ್‌ಗೂ ಸಂಬಂಧ ಕಂಡುಬಂದಿದೆ ಎಂಬುದು ನಿಜ. ಒಸಡಿನ ರೋಗವೇ ಕಾರಣ ಎಂಬುದು ಸಾಬೀತಾಗಿಲ್ಲ. ಹಲ್ಲು ಉಜ್ಜಿದರೆ, ಎಣ್ಣೆ ಮುಕ್ಕಳಿಸಿದರೆ ಶ್ವಾಸಕೋಶದ ಕ್ಯಾನ್ಸರ್ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದ್ದರಿಂದ ಆ ಸಂದೇಶವನ್ನು ಇದ್ದ ಹಾಗೆ ಮುಂದಕ್ಕೆ ಕಳಿಸಬೇಡಿ.

ಕಳಿಸಲೇಬೇಕು ಅನಿಸಿದರೆ, ಇದನ್ನು ನಕಲು ಮಾಡಿ ಕಳಿಸಿ:

*ಮಿಶ್ರಿ ಹಲ್ಲುಪುಡಿ ಅಲ್ಲ, ತಂಬಾಕು. ಬಾಯಿ ಕ್ಯಾನ್ಸರ್ ತರುತ್ತದೆ. ಬೀಡಿ ಸೇದುವವರಿಗೆ ಎಣ್ಣೆ ಮುಕ್ಕಳಿಸಿದರೂ ಶ್ವಾಸಕೋಶ ಶುದ್ಧವಾಗುವುದಿಲ್ಲ, ಬೀಡಿ ಬಿಡಬೇಕು. ಎರಡು ವಾರ ಮಾಯದ ಬಾಯಿಹುಣ್ಣು, ಎರಡು ವಾರ ನಿಲ್ಲದ ಕೆಮ್ಮು ಇದ್ದರೆ ಸರ್ಕಾರಿ ದವಾಖಾನೆಗೆ ಹೋಗಿ ತೋರಿಸಿ. ಹಾಸಿಗೆ ಹಿಡಿದ ಹಿರಿಯರ ಬಾಯಿ ದಿನಾ ಶುಚಿ ಮಾಡಿ. ತಂಬಾಕು ಬಿಡಲು ಉಚಿತ ಸಹಾಯವಾಣಿ: 1800-11-2356.*

ಹತ್ತು ಜನರಿಗೇ ಕಳಿಸಬೇಕೆಂದಿಲ್ಲ. ಮಿಶ್ರಿ ಡಬ್ಬಿ ಇಟ್ಟುಕೊಂಡಿರುವ ಒಬ್ಬ ಅಜ್ಜಿಗೆ, ಬಹಳ ದಿನಗಳಿಂದ ಕೆಮ್ಮುತ್ತಿರುವ ಒಬ್ಬ ಕಾಕಾಗೆ ಓದಿ ಹೇಳಿದರೂ ಸಾಕು.